ಮುಕ್ಕಾಲು ಗಂಟೆಯ ಕತ್ತಲು

ಮಾರ್ಚ್ ೩, ಸೋಮವಾರ

ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಹೊತ್ತು, ನೀರಿನ ಬಿಸಿ, ಗುಳ್ಳೆಯ ಅಳತೆ, ಸಹಿ, ಎಲ್ಲಕ್ಕೂ ಕಾಲಂ ಇದೆ. ನನ್ನ ಸಿಟ್ಟಿಗೆ ಮಾತ್ರ ಇಲ್ಲ. ಅದಕ್ಕೇ ಈ ಹಳೆಯ ನೋಟ್‌ಬುಕ್ಕು ತೆಗೆದುಕೊಂಡು ಕೂತಿದ್ದೇನೆ.

ಮೊದಲನೇ ಸಿಟ್ಟು ಮಾವನವರ ಮೇಲೆ. ಸಂಜೆ ಕೆಲಸದಿಂದ ಬಂದವಳು ಕೆಳಗಿನ ಬಾಗಿಲಲ್ಲಿ ಮೆಟ್ಟಿಲ ದೀಪ ಹಾಕಿದೆ. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಅವರು ಮೇಲಿನ ಸ್ವಿಚ್ಚಿನಿಂದ ಆರಿಸಿಯಾಗಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಗೋಡೆ ತಡವಿಕೊಂಡು ಮೂರನೇ ಮಹಡಿ ಹತ್ತಿದೆ.

"ಮಾವ, ನಾನು ಬರ್ತಾ ಇದ್ದದ್ದು ಗೊತ್ತಾಗಲಿಲ್ವಾ?"

"ಬಗ್ಗಿ ನೋಡಿದೆ, ಯಾರೂ ಕಾಣಲಿಲ್ಲಮ್ಮ. ಬಲ್ಬು ಸುಮ್ಮನೆ ಉರೀತಿತ್ತು."

ಮೂವತ್ತನಾಲ್ಕು ವರ್ಷ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ ಎಳೆಯುವುದೇ ಅವರ ಕೆಲಸವಾಗಿತ್ತು. ನಿವೃತ್ತರಾಗಿ ಹದಿನೆಂಟು ವರ್ಷವಾದರೂ ಆ ಕೈಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಯಾವ ಕೋಣೆಯಿಂದ ಹೊರಬಂದರೂ ಬಾಗಿಲ ಪಕ್ಕದ ಅಷ್ಟೂ ಸ್ವಿಚ್ಚನ್ನು ಅಂಗೈಯಿಂದ ಒಂದೇ ಸಲ ಸವರಿಬಿಡುತ್ತಾರೆ. ಒಳಗೆ ಯಾರಿದ್ದಾರೆ ಅಂತ ನೋಡುವುದು ಆಮೇಲೆ. ಹೋದ ವಾರ ನಾನು ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ಬಿಸಿನೀರೂ ಹೋಯಿತು, ಬೆಳಕೂ ಹೋಯಿತು. ಮೊನ್ನೆ ಫ್ರಿಜ್ಜಿನ ಸರದಿ. ಇಪ್ಪತ್ತಾರು ವರ್ಷದಿಂದ ಇದನ್ನು ನೋಡುತ್ತಿದ್ದೇನೆ, ಇನ್ನು ನನ್ನ ಕೈಲಾಗದು. ಏಪ್ರಿಲ್ ಮೊದಲ ವಾರ ಅವರನ್ನು ಮೈದುನನ ಮನೆಗೆ ಕಳಿಸುವುದು ಅಂತ ಇವರ ಹತ್ತಿರ ಮಾತಾಡಿ ಮುಗಿಸಿದ್ದೇನೆ. ಓರಗಿತ್ತಿಯೂ ಹೂಂ ಅಂದಿದ್ದಾಳೆ. ಮಾವನವರಿಗೆ ಹೇಳುವುದೊಂದು ಬಾಕಿ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?

ಎರಡನೇ ಸಿಟ್ಟು ಎಲೆಯ ಮೇಲೆ. ಇಪ್ಪತ್ತಮೂರನೇ ಎಲೆ ಇವತ್ತು ಐವತ್ತೆಂಟನೇ ಗಂಟೆಗೆ ಸತ್ತಿತು. ನಾವು ಎಲೆ ಅನ್ನುವುದು ಲೇಪ ಹಚ್ಚಿದ, ಅಂಚೆಚೀಟಿಯಷ್ಟಗಲದ ಒಂದು ತಗಡಿಗೆ. ನೀರಲ್ಲಿ ಮುಳುಗಿಸಿ ಬೆಳಕು ಬಿಟ್ಟರೆ ನೀರು ಒಡೆದು ಗುಳ್ಳೆ ಏಳುತ್ತದೆ, ಅದರಲ್ಲಿರುವ ಜಲಜನಕವನ್ನು ಉರುವಲಾಗಿ ಕೂಡಿಡಬಹುದು. ಬಿಸಿಲನ್ನು ಡಬ್ಬಿಗೆ ತುಂಬಿಡುವ ವಿದ್ಯೆ ಅಂತ ಇವರಿಗೆ ಒಂದು ಸಲ ವಿವರಿಸಿದ್ದೆ. ಹಿತ್ತಲ ಗಿಡದ ಎಲೆ ಹೆಚ್ಚುಕಮ್ಮಿ ಇದೇ ಕೆಲಸವನ್ನು ಯಾರ ಅನುದಾನವೂ ಇಲ್ಲದೆ ಮಾಡುತ್ತದೆ. ನಮ್ಮದು ಎರಡು ದಿನ ಮಾಡಿ ಕಪ್ಪಾಗಿ ಉದುರುತ್ತದೆ.

ಏಪ್ರಿಲ್ ಎರಡಕ್ಕೆ ಅನುದಾನ ಕೊಡುವವರ ಕಡೆಯ ತಪಾಸಣೆಯವರು ಬರುತ್ತಾರೆ. ಎಡೆಬಿಡದ ಬೆಳಕಿನಲ್ಲಿ ಮುನ್ನೂರು ಗಂಟೆ ಬದುಕಿದ ಒಂದೇ ಒಂದು ಎಲೆ ತೋರಿಸಬೇಕು. ಇಲ್ಲದಿದ್ದರೆ ಲ್ಯಾಬಿಗೆ ಬೀಗ. ಲ್ಯಾಬ್ ನಡೆಸುವ ಮೇಡಂ ಚಿಕ್ಕವರು, ಇನ್ನೆಲ್ಲಾದರೂ ಕೆಲಸ ಹಿಡಿಯುತ್ತಾರೆ. ಐವತ್ತನಾಲ್ಕರ ನನ್ನನ್ನು ತಿರುಗಿ ಉಗ್ರಾಣಕ್ಕೆ ದಬ್ಬುತ್ತಾರೆ, ಗಾಜಿನ ಸಾಮಾನು ತೊಳೆದು ಪಟ್ಟಿ ಬರೆಯೋಕೆ. ಹದಿಮೂರು ವರ್ಷ ಆ ಕಿಟಕಿಯಿಲ್ಲದ ಕೋಣೆಯಲ್ಲಿದ್ದೆ. ಮತ್ತೆ ಹೋಗಲಾರೆ.

ಮಾರ್ಚ್ ೬, ಗುರುವಾರ

ಸೊಪ್ಪು ಮಾರುವಾಕೆ ಇವತ್ತು ಕೇಳಿಯೇ ಬಿಟ್ಟಳು. "ಅಲ್ಲಕ್ಕ, ವಾರಕ್ಕೆ ಎಂಟು ಕಟ್ಟು ಪಾಲಕ್ ಒಯ್ತೀರಲ್ಲ, ಮನೇಲಿ ಎಷ್ಟು ಜನ?"

"ಮೂರು" ಅಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಇನ್ನೊಂದು ಕಟ್ಟು ಪುಗಸಟ್ಟೆ ಹಾಕಿದಳು.

ಲ್ಯಾಬಿನ ತಣ್ಣನೆ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು, ಹಸಿರು ಬಲ್ಬಿನ ಮಂದ ಬೆಳಕಲ್ಲಿ ಅಷ್ಟನ್ನೂ ನಾರು ತೆಗೆದು, ರುಬ್ಬಿ, ಸೋಸಿದೆ. ಎಲೆ ಹಸಿರು ಬೆಳಕನ್ನು ಅಷ್ಟಾಗಿ ತೆಗೆದುಕೊಳ್ಳುವುದಿಲ್ಲ. ಬೇರೆ ಬೆಳಕು ತಗುಲಿದರೆ ಅದರೊಳಗಿನ ನೀರೊಡೆಯುವ ಯಂತ್ರ ಓಡಲು ಶುರುಮಾಡಿ ಕೈಯಲ್ಲೇ ಕೆಡುತ್ತದೆ. ನಮ್ಮ ಲೇಪದ ಜೊತೆ ಹೋಲಿಸಿ ನೋಡೋಕೆ ಆ ಯಂತ್ರವನ್ನು ಬೇರ್ಪಡಿಸಿ ಒಂದು ತಗಡಿಗೆ ಹಚ್ಚುತ್ತೇವೆ. ತಮಾಷೆಯೆಂದರೆ ಅದು ನಮ್ಮದಕ್ಕಿಂತ ಬೇಗ ಸಾಯುತ್ತದೆ. ಇವತ್ತಿನದು ಒಂದು ಗಂಟೆಯೂ ಬಾಳಲಿಲ್ಲ.

"ಗಿಡದಲ್ಲಿದ್ದಾಗ ಚೆನ್ನಾಗೇ ಇರತ್ತಲ್ಲ ಮೇಡಂ, ನಮ್ಮ ಕೈಗೆ ಬಂದ ಕೂಡಲೇ ಇದಕ್ಕೇನು ದಾಡಿ?"

"ಗಿಡದಲ್ಲೂ ಕೆಡತ್ತೆ ಅಕ್ಕ. ಬಿಸಿಲು ಜೋರಾಗಿದ್ರೆ ಅರ್ಧ ಗಂಟೆ, ಒಂದು ಗಂಟೆಗೆ ಅದರ ಮುಖ್ಯ ಭಾಗ ಹೋಗಿಬಿಡತ್ತೆ. ಎಲೆ ಅದನ್ನ ಕಿತ್ತು ಹೊಸದು ಕೂರಿಸತ್ತೆ. ದಿನವಿಡೀ ಅದೇ ಕೆಲಸ. ನಾವು ಯಂತ್ರ ತಂದ್ವಿ, ಮೆಕ್ಯಾನಿಕ್ಕನ್ನ ಅಲ್ಲೇ ಬಿಟ್ಟು ಬಂದ್ವಿ."

"ಹಾಗಾದ್ರೆ ನಾವೂ ರಿಪೇರಿ ಕಲೀಬೇಕಲ್ವಾ?"

"ಅಷ್ಟು ಪುರಸೊತ್ತು ಎಲ್ಲಿದೆ? ಕೆಡದೇ ಇರೋ ಲೇಪ ಒಂದು ಸಿಕ್ಕಿದ್ರೆ ಸಾಕು."

ನನಗೂ ಅದೇ ಸರಿ ಅನಿಸಿತು. ಪದೇಪದೇ ರಿಪೇರಿಗೆ ಬರುವ ಸಾಮಾನು ಕಂಡರೆ ನನಗಾಗದು. ಮನೆಯ ವಿಷಯದಲ್ಲೂ ಅಷ್ಟೇ.

ಮಾರ್ಚ್ ೧೧, ಮಂಗಳವಾರ

ಇಪ್ಪತ್ತನಾಲ್ಕನೇ ಎಲೆ ಬೆಳಿಗ್ಗೆ ಹತ್ತಕ್ಕೆ ಶುರು. ಲೇಪ ಹೊಸದು. ಮೇಡಂ ಮೂರು ವಾರ ಊಟ ನಿದ್ದೆ ಬಿಟ್ಟು ಕುದಿಸಿದ್ದು. ಎಲೆಗೆ ಬಿಸಿಲಿನಂಥ ಬೆಳಕು ಕೊಡುವ ಬಿಸಿಲು ದೀಪವೂ ಹೊಸ ಜಾಗಕ್ಕೆ ಬಂದಿದೆ. ಮೂಲೆಯಲ್ಲಿದ್ದ ಸಾಕೆಟ್ಟು ಸುಟ್ಟಿತ್ತು ಅಂತ ಎಲೆಕ್ಟ್ರಿಷಿಯನ್ ಬಂದು ಬಾಗಿಲ ಪಕ್ಕದ ಗೋಡೆಯ ಸ್ವಿಚ್ಚಿಗೆ ಜೋಡಿಸಿಕೊಟ್ಟು ಹೋದ. ದೀಪ ಕಣ್ಣಿಗೆ ಹೊಡೆಯದ ಹಾಗೆ ಪೆಟ್ಟಿಗೆಯಲ್ಲಿಟ್ಟು ಕಪ್ಪು ಬಟ್ಟೆ ಹೊದಿಸಿದ್ದೇವೆ. ಅದು ಎಷ್ಟು ಗಂಟೆ ಉರಿಯಿತು ಅಂತ ಎಣಿಸುವ ಪುಟ್ಟ ಮೀಟರು ಪೆಟ್ಟಿಗೆಯ ಹಿಂದಿದೆ. ಅದನ್ನು ಸೊನ್ನೆಗೆ ತಂದವಳು ನಾನೇ.

ಅಂಕಿ ಬರೆದುಕೊಳ್ಳುವ ಯಂತ್ರ ರಿಪೇರಿಗೆ ಹೋಗಿ ಎರಡು ತಿಂಗಳಾಯಿತು. ಹಾಗಾಗಿ ಸದ್ಯಕ್ಕೆ ನಾನೇ ಯಂತ್ರ. ಹನ್ನೊಂದು, ಒಂದು, ಮೂರು, ಐದು ಗಂಟೆಗೆ ಗುಳ್ಳೆ ಅಳೆದು, 'ದೀಪ: ಹೊತ್ತಿದೆ' ಅಂತ ಬರೆದು ಸಹಿ ಹಾಕಬೇಕು. ಸಂಜೆಯ ಮೇಲೆ ಮತ್ತು ಭಾನುವಾರ ಮೇಡಂ ನೋಡಿಕೊಳ್ಳುತ್ತಾರೆ.

ಮನೆಗೆ ಬಂದಾಗ ಮೆಟ್ಟಿಲು ಕತ್ತಲು. ಬರೆಯುವುದೇ ಬೇಡ.

ಮಾರ್ಚ್ ೧೪, ಶುಕ್ರವಾರ

ಎಪ್ಪತ್ತೈದು ಗಂಟೆ! ಇನ್ನೂ ಗುಳ್ಳೆ ಬಿಡುತ್ತಿದೆ. ಮೇಡಂ ಪೆಟ್ಟಿಗೆಯ ಮುಂದೆ ಕೂತು ಬಟ್ಟೆ ಸರಿಸಿ ಸರಿಸಿ ನೋಡುತ್ತಾರೆ, ತೊಟ್ಟಿಲ ಮಗುವನ್ನು ನೋಡುವ ಹಾಗೆ. "ನಾನು ಹೇಳ್ಲಿಲ್ವಾ ಅಕ್ಕ? ಲೇಪ ಸರಿ ಇದ್ರೆ ಎಲ್ಲಾ ಸರಿ" ಅಂದರು. ತಾಳಿದವನು ಬಾಳಿಯಾನು ಅಂತ ನಾನೂ ಸೇರಿಸಿದೆ.

ಒಂದೇ ಕೊಂಕು. ಒಂದರಿಂದ ಮೂರರವರೆಗಿನ ಗುಳ್ಳೆ ದಿನವೂ ಬೇರೆ ಹೊತ್ತಿಗಿಂತ ಕಮ್ಮಿ ಬರುತ್ತಿದೆ. ತೋರಿಸಿದೆ. ಮೇಡಂ ನಕ್ಕರು. "ಕೋಣೆ ಬಿಸಿ ಏರಿರತ್ತೆ, ಅಳತೆ ಕೊಳವೆ ಸ್ವಲ್ಪ ಆಟ ಆಡತ್ತೆ. ನಿಜವಾದ ಎಲೆಯೂ ನಡುಮಧ್ಯಾಹ್ನ ಕೆಲಸ ಕಮ್ಮಿ ಮಾಡತ್ತೆ ಗೊತ್ತಾ? ಬಂದ ಬಿಸಿಲನ್ನೆಲ್ಲ ಅದು ತಿನ್ನಲ್ಲ. ಹೆಚ್ಚಾದದ್ದನ್ನ ಬಿಸಿಯಾಗಿ ಹೊರಗೆ ಚೆಲ್ಲಿಬಿಡತ್ತೆ."

"ಅಷ್ಟೊಂದು ಬಿಸಿಲು ದಂಡ ಮಾಡತ್ತಾ?"

"ದಂಡ ಅಲ್ಲ, ಜೀವ ಉಳಿಸ್ಕೊಳ್ಳೋದು. ನಾವು ಅಷ್ಟು ಧಾರಾಳಿಗಳಲ್ಲ, ಬಿಡಿ."

ಸಂತೋಷದಲ್ಲಿರುವವರಿಗೆ ಕೊರತೆ ಕಾಣುವುದಿಲ್ಲ. ನಾನೂ ಅಷ್ಟಕ್ಕೇ ಬಿಟ್ಟೆ.

ಮಾರ್ಚ್ ೧೭, ಸೋಮವಾರ

ಬದುಕಿದೆ. ನೂರೈವತ್ತು ಸಮೀಪಿಸಿತು. ಮಾವನವರು ಇಸ್ತ್ರಿಪೆಟ್ಟಿಗೆ ಆರಿಸಿದರು, ಇವರು ಸುಕ್ಕು ಅಂಗಿಯಲ್ಲೇ ಶಾಲೆಯ ವ್ಯಾನ್ ಓಡಿಸಲು ಹೋದರು. ನಕ್ಕುಬಿಟ್ಟೆ.

ಮಾರ್ಚ್ ೧೯, ಬುಧವಾರ

ಮಾವನವರು ಟೀ ಕುಡಿಯುತ್ತ, "ಅದೇನೋ ಎಲೆ ಮಾಡ್ತಿದ್ದೀರಂತಲ್ಲ, ಹೇಗಿದೆಯಮ್ಮ?" ಅಂದರು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಕೇಳಿದ್ದು ಇದೇ ಮೊದಲು. ಇರಲಿ, ನಾನೂ ಅವರ ಕೆಲಸದ ಬಗ್ಗೆ ಯಾವತ್ತೂ ಕೇಳಿದವಳಲ್ಲ. ಹೇಳಿದೆ: ಇನ್ನೂರು ಗಂಟೆಯ ಹತ್ತಿರ ಆಯಿತು, ಹಗಲೂ ರಾತ್ರಿ ದೀಪ.

"ರಾತ್ರಿನೂ ಆರಿಸಲ್ವಾ?"

"ಆರಿಸೋ ಹಾಗಿಲ್ಲ ಮಾವ. ಅದೇ ಪರೀಕ್ಷೆ."

"ಪಾಪ" ಅಂದರು. "ನಾವು ಅಷ್ಟು ದೊಡ್ಡ ಲೈನಿಗೇ ಆಗಾಗ ಕರೆಂಟು ನಿಲ್ಲಿಸಿ, ಒರೆಸಿ, ನಟ್ಟು ಬಿಗಿ ಮಾಡ್ತಿದ್ವಿ. ನಿಮ್ಮ ಎಲೆಗೆ ರಾತ್ರಿನೇ ಇಲ್ಲ ಅನ್ನು."

"ಅದೇನು ಮನುಷ್ಯನಾ ಮಾವ, ನಿದ್ದೆ ಮಾಡೋಕೆ?"

ಲೋಟ ತೊಳೆದಿಟ್ಟು ಅಡುಗೆಮನೆಯಿಂದ ಹೊರಟರು, ನನ್ನನ್ನು ಕತ್ತಲಲ್ಲಿ ಬಿಟ್ಟು.

ಮೇಡಂಗೂ ರಾತ್ರಿಯಿಲ್ಲ. ಮೂರರ ಅಳತೆಗೆ ಹೋದಾಗ ಮೇಜಿನ ಮೇಲೆ ತಲೆಯಿಟ್ಟಿದ್ದರು. ಎಬ್ಬಿಸಿದರೆ, "ನಿದ್ದೆ ಅಲ್ಲ ಅಕ್ಕ, ಯೋಚನೆ" ಅಂದರು. ಕೆನ್ನೆಯ ಮೇಲೆ ಪುಸ್ತಕದ ಅಚ್ಚು ಬಿದ್ದಿತ್ತು.

ಮಾರ್ಚ್ ೨೪, ಸೋಮವಾರ

ಮುನ್ನೂರು ದಾಟಿತು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹದಿಮೂರು ದಿನ, ಮುನ್ನೂರ ಹನ್ನೆರಡು ಗಂಟೆ. ಮೇಡಂ ನನ್ನನ್ನು ತಬ್ಬಿಕೊಂಡರು. ಅವರು ಹಾಗೆ ಮಾಡುವವರಲ್ಲ, ಇಬ್ಬರಿಗೂ ಕೈ ಎಲ್ಲಿಡಬೇಕು ಗೊತ್ತಾಗಲಿಲ್ಲ. ಉಗ್ರಾಣದ ಮುಂದೆ ಹಾದು ಹೋಗುವಾಗ ಆ ಕದಕ್ಕೆ ಮನಸ್ಸಿನಲ್ಲೇ ಕೈಮುಗಿದೆ, ಇನ್ನು ನಿನ್ನ ಸಹವಾಸ ಬೇಡಪ್ಪ ಅಂತ.

ಆಮೇಲೆ ತಪಾಸಣೆಯವರ ನಮೂನೆ ತುಂಬಲು ಕೂತೆ. 'ದೀಪದ ಮೀಟರಿನಲ್ಲಿರುವ ಗಂಟೆ' ಅಂತ ಒಂದು ಕಾಲಂ. ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದೆ. ಮುನ್ನೂರ ಮೂರು.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಮುನ್ನೂರ ಮೂರೇ. ಎಂಟೊಂಬತ್ತು ಗಂಟೆ ಎಲ್ಲಿ ಹೋಯಿತು? ಕರೆಂಟು ಒಂದು ಸಲವೂ ಹೋಗಿಲ್ಲ. ಕಾವಲುಗಾರರನ್ನು ಹಿಡಿದು, ರಾತ್ರಿ ಏನಾದರೂ ದೀಪ ಆರಿಸಿದಿರಾ ಅಂತ ಸ್ವಲ್ಪ ಗಡುಸಾಗಿಯೇ ಕೇಳಿದೆ. "ನನಗೆ ಕೊಟ್ಟಿರೋದು ಹೊರಗಿನ ಗೇಟಿನ ಬೀಗ ಅಮ್ಮ, ಕೋಣೆದಲ್ಲ" ಅಂದರು ಪಾಪ. ಮೀಟರೇ ಕೆಟ್ಟಿರಬೇಕು. ಆ ಕಾಲಂ ಖಾಲಿ ಬಿಟ್ಟಿದ್ದೇನೆ.

ಮಾರ್ಚ್ ೨೫, ಮಂಗಳವಾರ

ಮೀಟರು ಕೆಟ್ಟಿಲ್ಲ.

ಒಂದು ಗಂಟೆಯ ಅಳತೆ ಬರೆದು, ಸಹಿ ಹಾಕಿ, ಊಟದ ಡಬ್ಬಿ ಹಿಡಿದು ಹೊರಟೆ. ಮೇಡಂ ಆಗಲೇ ಕ್ಯಾಂಟೀನಿಗೆ ಹೋಗಿದ್ದರು. ಬಾಗಿಲಲ್ಲಿ ನನ್ನ ಬಲಗೈ ಎದ್ದು ಗೋಡೆಗೆ ಹೋಯಿತು. ಅಂಗೈ ಎರಡು ಸ್ವಿಚ್ಚಿನ ಮೇಲೂ ಒಂದೇ ಸಲ ಇಳಿಯುವುದರಲ್ಲಿತ್ತು. ಬೆಳಿಗ್ಗೆಯಷ್ಟೇ ಮಾವನವರು ಬಚ್ಚಲಿನ ದೀಪ ಆರಿಸುವುದನ್ನು ನೋಡಿ ಗೊಣಗಿದ್ದೆ. ಅದೇ ಕೈ. ಬಳೆ ಒಂದು ಹೆಚ್ಚು, ಅಷ್ಟೇ.

ಅಲ್ಲೇ ನಿಂತೆ. ಒಂದು ಸ್ವಿಚ್ಚು ಕೋಣೆಯ ದೀಪದ್ದು, ಇನ್ನೊಂದು ಬಿಸಿಲು ದೀಪದ್ದು. ಪೆಟ್ಟಿಗೆಗೆ ಕಪ್ಪು ಬಟ್ಟೆ, ಒಳಗೆ ಆರಿದರೂ ಹೊರಗೆ ಕಾಣದು. ಎಕ್ಸಾಸ್ಟ್ ಫ್ಯಾನಿನ ಗದ್ದಲದಲ್ಲಿ ಬೇರೆ ಸದ್ದು ನಿಂತರೂ ಕೇಳದು. ಊಟ ಮುಗಿಸಿ ಬಂದು ಅದೇ ಅಂಗೈಯಿಂದ ಎರಡನ್ನೂ ಹಾಕಿದರೆ ಎಲ್ಲ ಮೊದಲಿನ ಹಾಗೆ. ನನ್ನ ಊಟಕ್ಕೆ ಮುಕ್ಕಾಲು ಗಂಟೆ. ನಿನ್ನೆ ಬೆಳಿಗ್ಗೆ ಮೀಟರು ನೋಡುವವರೆಗೆ, ಭಾನುವಾರ ಬಿಟ್ಟರೆ, ಹನ್ನೊಂದು ಊಟ. ಎಂಟೂಕಾಲು ಗಂಟೆ. ಲೆಕ್ಕ ತಾಳೆಯಾಯಿತು. ಒಂದರಿಂದ ಮೂರರ ಗುಳ್ಳೆ ಯಾಕೆ ಕಮ್ಮಿ ಅಂತಲೂ ತಿಳಿಯಿತು.

ಮೂಲೆಯ ಸ್ವಿಚ್ಚಿಗೆ ನನ್ನ ಕೈ ಎಟುಕುತ್ತಿರಲಿಲ್ಲ, ಅದಕ್ಕೇ ಮೊದಲಿನ ಇಪ್ಪತ್ತಮೂರು ಎಲೆಗೆ ಈ ಕತ್ತಲು ಸಿಗಲಿಲ್ಲ. ಹಾಗಾದರೆ ಇದನ್ನು ಬದುಕಿಸಿದ್ದು ಮೇಡಂ ಲೇಪವೋ, ನನ್ನ ಊಟವೋ? ಇಷ್ಟು ವರ್ಷ ಆ ಮುದುಕರನ್ನು ಬೈದುಕೊಂಡು ಬಂದೆ. ಹ್ಹ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಕೈ ಹಿಂದಕ್ಕೆ ತೆಗೆದುಕೊಂಡೆ. ದೀಪ ಉರಿಯಲು ಬಿಟ್ಟು ಊಟಕ್ಕೆ ಹೋದೆ. ಊಟ ಸೇರಲಿಲ್ಲ.

ಮಾರ್ಚ್ ೨೬, ಬುಧವಾರ

ಹೇಳಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿದೆ. ನುಂಗೋಕೂ ಆಗದು, ಉಗುಳೋಕೂ ಆಗದು. ಮೇಡಂ "ಮೀಟರಿನ ಕಾಲಂ ಖಾಲಿ ಇದೆಯಲ್ಲ ಅಕ್ಕ" ಅಂದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. "ನಾಳೆ ಬರೀತೀನಿ."

ಒಂದು ಸಮಾಧಾನ ಮಾಡಿಕೊಂಡೆ. ಮೀಟರಿನ ಲೆಕ್ಕ ಹಿಡಿದರೂ ಮುನ್ನೂರ ಮೂರು. ಮುನ್ನೂರಕ್ಕೆ ಮೇಲೇ ಇದೆ. ಯಾರಿಗೆ ಏನು ನಷ್ಟ?

ಮಾರ್ಚ್ ೨೭, ಗುರುವಾರ

ಬೆಳಿಗ್ಗೆ ಹೋದಾಗ ಎಲೆ ಸತ್ತಿತ್ತು. ಕಪ್ಪು ಪುಡಿ ತಳದಲ್ಲಿ. ನಾನು ಮಧ್ಯಾಹ್ನ ಆರಿಸುವುದನ್ನು ಬಿಟ್ಟ ಎರಡೇ ದಿನಕ್ಕೆ. ಇನ್ನು ಸಂಶಯಕ್ಕೆ ಎಡೆಯೇ ಇಲ್ಲ.

ಮೇಡಂಗೆ ಬೇಸರವೇ ಆಗಲಿಲ್ಲ. "ಮುನ್ನೂರು ದಾಟಿತಲ್ಲ, ಸಾಕು. ಇನ್ನು ಪುಸ್ತಕವೇ ಸಾಕ್ಷಿ" ಅಂದು ದಾಖಲೆ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿದರು. ಪುಟಪುಟಕ್ಕೂ ನನ್ನ ಸಹಿ.

ಸಂಜೆ ಇವರು ಬರುವ ಮೊದಲು ಮಾವನವರ ಹತ್ತಿರ ಕೂತೆ. ಯಾರದೋ ಕಥೆ ಹೇಳುವ ಹಾಗೆ, "ಒಬ್ಬರು ಪುಸ್ತಕದಲ್ಲಿ ತಪ್ಪು ಬರೆದು ಸಹಿ ಹಾಕಿದ್ರು ಅನ್ನಿ, ಬೇಕೂಂತಲ್ಲ" ಅಂತ ಶುರುಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಆಚೆ ಕಂಬ ನೋಡುತ್ತ ಹೇಳಿದರು.

"ನಿನ್ನ ಮೈದುನ ಹುಟ್ಟಿದ ದಿನ. ತಂತಿ ತುಂಡಾಗಿದೆ, ಲೈನ್ ತೆಗೀರಿ, ಕರೆಂಟು ನಿಲ್ಲಿಸಿ ಅಂತ ಹೇಳಿ ಲೈನ್‌ಮನ್ ಹೊರಟ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು, ಗಂಡು ಮಗು ಅಂತ. ಖುಷೀಲಿ 'ಲೈನ್ ತೆಗೆದಿದೆ' ಅಂತ ಬರೆದೆ, ಸಹಿ ಹಾಕ್ದೆ, ಎಲ್ರಿಗೂ ಟೀ ಹೇಳ್ದೆ. ಸ್ವಿಚ್ ಎಳೆದಿರಲಿಲ್ಲ."

"ಅಯ್ಯೋ!"

"ಟೀ ಲೋಟ ಹಿಡಿದಾಗ ಕೈ ಹೇಳ್ತು. ಎಳೆದ ಭಾರ ಕೈಯಲ್ಲಿ ಇರಲಿಲ್ಲ. ಓಡಿ ಹೋಗಿ ಎಳೆದೆ. ಆಮೇಲೆ ಸೈಕಲ್ ಹತ್ತಿ ಹೋಗಿ ನೋಡಿದ್ರೆ ಆ ಮನುಷ್ಯ ಏಣಿ ಕಂಬಕ್ಕೆ ಒರಗಿಸಿ ಬೀಡಿ ಹಚ್ಚಿದ್ದ. ಬೀಡಿ ಅವನನ್ನ ಉಳಿಸ್ತು."

"ಆಮೇಲೆ?"

"ಮಾರನೇ ದಿನ ನಾನೇ ಹೋಗಿ ಸಾಹೇಬರಿಗೆ ಹೇಳ್ದೆ. ಎರಡು ವರ್ಷ ಬಡ್ತಿ ಇಲ್ಲ."

"ಯಾಕೆ ಹೇಳಿದ್ರಿ ಮಾವ? ಯಾರಿಗೂ ಏನೂ ಆಗಿರಲಿಲ್ಲವಲ್ಲ."

"ಪುಸ್ತಕ ನಂಬಿ ಕಂಬ ಹತ್ತೋರು ಇರ್ತಾರಮ್ಮ."

ಆಮೇಲೆ ಎದ್ದು ಹೋದರು. ಬಾಗಿಲಲ್ಲಿ ಕೈ ಸ್ವಿಚ್ಚಿಗೆ ಹೋಯಿತು, ನನ್ನನ್ನು ನೋಡಿ ನಿಂತಿತು. ಹಾಗೇ ಬಿಟ್ಟು ಹೋದರು. ಅವರು ಎಲ್ಲ ಸ್ವಿಚ್ಚನ್ನೂ ಯಾಕೆ ಸವರುತ್ತಾರೆ ಅಂತ ಇಪ್ಪತ್ತಾರು ವರ್ಷ ನಾನು ಕೇಳಲೇ ಇಲ್ಲವಲ್ಲ ಅಂತ ನಾಚಿಕೆಯಾಯಿತು.

ಮಾರ್ಚ್ ೨೮, ಶುಕ್ರವಾರ

ಹೇಳಿಬಿಟ್ಟೆ. ಬ್ಯಾಗು ಕೂಡ ಕೆಳಗಿಡದೆ, ನಿಂತಲ್ಲೇ.

ಮೇಡಂ ಮೊದಲು ನಾನು ಹಿಡಿದಿದ್ದ ಕೊಂಬೆಯನ್ನೇ ಹಿಡಿದರು. "ಮುನ್ನೂರ ಮೂರು ಅಂದ್ರೆ ಮುನ್ನೂರಕ್ಕೆ ಮೇಲೇ ಇದೆಯಲ್ಲ ಅಕ್ಕ" ಅಂದರು, ದನಿ ಬಹಳ ಸಣ್ಣದು. ಪುಸ್ತಕ ತೆಗೆದು ಪುಟ ತಿರುವಿದರು. ಒಂದರಿಂದ ಮೂರರ ಅಂಕಿಗಳ ಮೇಲೆ ಬೆರಳಿಟ್ಟು ಕೆಳಕ್ಕೆ ಬಂದರು. ಕೊನೆಗೆ, "ನಾಲ್ಕು ದಿನ ಇದೆ ಅಷ್ಟೇ. ಈಗ ಹೇಳ್ತಿದ್ದೀರಿ. ಮಂಗಳವಾರವೇ ಗೊತ್ತಿತ್ತು ನಿಮಗೆ" ಅಂದರು.

"ಹೌದು."

"ಮನೆಗೆ ಹೋಗಿ."

ಬಂದೆ. ಅವರ ಕಣ್ಣಲ್ಲಿ ನೀರಿತ್ತು. ನನ್ನ ಮೇಲಿನ ಸಿಟ್ಟಿಗಲ್ಲ, ಆ ಲೇಪಕ್ಕೆ. ಮೂರು ವಾರದ ಉಪವಾಸ ಅದು.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಏಳಕ್ಕೇ ಫೋನು. "ಬನ್ನಿ ಅಕ್ಕ. ಒಂದೇ ಲೇಪ, ಎರಡು ಎಲೆ, ಎರಡು ದೀಪ. ಒಂದಕ್ಕೆ ದಿನಾ ಮಧ್ಯಾಹ್ನ ಮುಕ್ಕಾಲು ಗಂಟೆ ಆರಿಸೋದು ನಿಮ್ಮ ಕೆಲಸ. ಇನ್ನೊಂದನ್ನ ಮುಟ್ಟಿದ್ರೆ ಕೈ ಕತ್ತರಿಸ್ತೀನಿ."

ಒಂಬತ್ತಕ್ಕೆ ಶುರುಮಾಡಿದೆವು. ಮುಟ್ಟಬಾರದ ದೀಪವನ್ನು ಅಲ್ಮೇರಾದ ಹಿಂದಿನ ಸಾಕೆಟ್ಟಿಗೆ ಹಾಕಿದ್ದಾರೆ. ನನ್ನ ಕೈಯ ಮೇಲೆ ಅಷ್ಟು ನಂಬಿಕೆ. ಮಧ್ಯಾಹ್ನ ನನ್ನದನ್ನು ಆರಿಸಿ, ಕೂಡಲೇ ಪುಸ್ತಕದಲ್ಲಿ ಬರೆದೆ. ಮೊದಲು ಆರಿಸಿದೆ, ಆಮೇಲೆ ಬರೆದೆ.

ಸಂಜೆ ಓರಗಿತ್ತಿಯ ಫೋನು. "ಏಪ್ರಿಲ್ ಮೊದಲ ವಾರ ಅಂದಿದ್ರಲ್ಲ ಅಕ್ಕ, ಮಾವನವರಿಗೆ ಕೋಣೆ ಖಾಲಿ ಮಾಡ್ಸಿದ್ದೀನಿ." ಈ ಬಿಸಿಲಲ್ಲಿ ಅವರನ್ನು ಅಷ್ಟು ದೂರ ಓಡಾಡಿಸೋದು ಬೇಡ, ಆಮೇಲೆ ನೋಡೋಣ ಅಂದೆ. "ಎಷ್ಟು ದೂರ ಅಕ್ಕ?" ಅಂದಳು. ಅವರ ಮನೆ ನಮ್ಮಿಂದ ನಾಲ್ಕನೇ ಬಸ್ ಸ್ಟಾಪು.

ಏಪ್ರಿಲ್ ೧, ಮಂಗಳವಾರ

ಬೆಳಗಾಗುವಷ್ಟರಲ್ಲಿ ಒಂದು ಎಲೆ ಸತ್ತಿತ್ತು. ಬಿಡುವಿಲ್ಲದೆ ಬೆಳಕು ಕಂಡದ್ದು, ಅರುವತ್ತು ಗಂಟೆ ಸುಮಾರಿಗೆ ಹೋಗಿರಬೇಕು. ಮೂರು ಮಧ್ಯಾಹ್ನ ಕತ್ತಲು ಕಂಡದ್ದು ಸೊಗಸಾಗಿ ಗುಳ್ಳೆ ಬಿಡುತ್ತಿತ್ತು.

ಮೇಡಂ ಕತ್ತಲಿನ ಮುಕ್ಕಾಲು ಗಂಟೆಯಲ್ಲಿ ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದರು. ಸವೆದ ಕಡೆ ಲೇಪ ತಿರುಗಿ ಬಂದು ಕೂರುತ್ತಿದೆಯಂತೆ. ಪೂರ್ತಿ ಕಾರಣ ಅವರಿಗೂ ಗೊತ್ತಿಲ್ಲ. "ರಿಪೇರಿ ಮಾಡ್ಕೊಳ್ಳೋ ಗುಣ ಅದರಲ್ಲೇ ಇತ್ತು ಅಕ್ಕ. ನಾವು ಹೊತ್ತು ಕೊಟ್ಟಿರಲಿಲ್ಲ."

"ಮೊದಲೇ ಹೇಳಿದ್ನಲ್ಲ, ರಿಪೇರಿ ಕಲೀಬೇಕು ಅಂತ" ಅಂದೆ. ಹೇಳಿದ್ದು ನಿಜ. ಅವತ್ತೇ ಅದನ್ನು ಬಿಟ್ಟುಕೊಟ್ಟದ್ದನ್ನು ಹೇಳಲಿಲ್ಲ.

ಏಪ್ರಿಲ್ ೨, ಬುಧವಾರ

ತಪಾಸಣೆಗೆ ಇಬ್ಬರು ಬಂದರು. ಒಬ್ಬರು ಬೋಳುತಲೆ, ಇನ್ನೊಬ್ಬರು ಬಾಯಿಬಿಡದೆ ಬರೆಯುವವರು. ಮೇಡಂ ಸತ್ತ ಎಲೆ, ಬದುಕಿದ ಎಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ದಾಖಲೆ ಪುಸ್ತಕ ತೆರೆದರು. ಹನ್ನೆರಡು ಕಡೆ 'ಹೊತ್ತಿದೆ' ಅನ್ನುವುದರ ಪಕ್ಕ ನಿನ್ನೆ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೆ: 'ಮುಕ್ಕಾಲು ಗಂಟೆ ಆರಿತ್ತು. ಆರಿಸಿದ್ದು ನಾನು.' ಪ್ರತಿಯೊಂದಕ್ಕೂ ಸಹಿ.

ಬೋಳುತಲೆಯವರು ಕನ್ನಡಕದ ಮೇಲಿಂದ ನೋಡಿದರು. "ಷರತ್ತು ಎಡೆಬಿಡದ ಬೆಳಕು ಅಂತ ಅಲ್ವಾ?"

"ಎಡೆಬಿಡದ ಬಿಸಿಲು ನಿಮ್ಮ ಮನೆ ಮೇಲೆ ಬೀಳತ್ತಾ ಸರ್?" ಅಂದರು ಮೇಡಂ. ನಾನು ಕಣ್ಣುಮುಚ್ಚಿಕೊಂಡೆ. "ಎಲೆಯಿಂದ ಕಲೀತೀವಿ ಅಂತ ಹೊರಟ್ವಿ. ಅದು ಬಿಸಿಲು ಹಿಡಿಯೋದನ್ನ ಮಾತ್ರ ನೋಡಿದ್ವಿ. ಬಿಡೋದನ್ನ, ಕೆಟ್ಟದ್ದನ್ನ ಸರಿಮಾಡ್ಕೊಳ್ಳೋದನ್ನ ನೋಡಲೇ ಇಲ್ಲ. ನೋಡಿದ್ದು ಇವರ ಕೈ."

ಎಲ್ಲರೂ ನನ್ನ ಕೈ ನೋಡಿದರು. ಸೆರಗಿನೊಳಗೆ ಮುಚ್ಚಿಕೊಂಡೆ.

ಅನುದಾನ ಕೇಳಿದ್ದು ಮೂರು ವರ್ಷಕ್ಕೆ, ಕೊಟ್ಟದ್ದು ಆರು ತಿಂಗಳಿಗೆ. ಬಿಡುವು ಕೊಟ್ಟ ಎಲೆ ಎಷ್ಟು ದಿನ ಬಾಳುತ್ತದೆ ಅಂತ ತೋರಿಸಬೇಕು, ಆಮೇಲೆ ನೋಡೋಣ ಅಂದರು. ಆಗದಿದ್ದರೆ ಉಗ್ರಾಣ ಎಲ್ಲಿಗೂ ಓಡಿಹೋಗುವುದಿಲ್ಲ, ಕಾದಿರುತ್ತದೆ. ಮೊದಲಿನಷ್ಟು ಹೆದರಿಕೆಯಾಗಲಿಲ್ಲ. ಅವರು ಹೋದ ಮೇಲೆ ಒಂದು ಗಂಟೆಗೆ ದೀಪ ಆರಿಸಿದೆ. ಮೇಡಂ ಕುರ್ಚಿಯಲ್ಲೇ ಒರಗಿ ನಿದ್ದೆಹೋದರು. ಊಟಕ್ಕೆ ಹೋಗದೆ ಮುಕ್ಕಾಲು ಗಂಟೆ ಬಾಗಿಲು ಕಾದೆ.

ಕಾಗದಪತ್ರ ಕಳಿಸಿ ಹೊರಡುವಾಗ ಸಂಜೆ ಏಳೂವರೆ. ಮನೆಯ ಕೆಳಗಿನ ಬಾಗಿಲು ತಳ್ಳಿ, ಅಭ್ಯಾಸದಂತೆ ಗೋಡೆ ತಡವಲು ಕೈ ಚಾಚಿದೆ. ತಡವಬೇಕಾಗಲಿಲ್ಲ, ಮೆಟ್ಟಿಲ ದೀಪ ಉರಿಯುತ್ತಿತ್ತು. ಎರಡನೇ ಮಹಡಿಯ ಬಲ್ಬಿನ ಕೆಳಗೆ, ಮೆಟ್ಟಿಲ ಮೇಲೆ ಸಣ್ಣ ಚಾಪೆ ಹಾಕಿಕೊಂಡು ಮಾವನವರು ಕೂತಿದ್ದರು. ಕೈಯಲ್ಲಿ ಪೇಪರಿಲ್ಲ, ಏನಿಲ್ಲ.

"ಇಲ್ಲಿ ಯಾಕೆ ಕೂತಿದ್ದೀರಿ ಮಾವ?"

"ನೀನು ಬರೋದು ತಡ ಆಯ್ತಲ್ಲ, ದೀಪ ಹಾಕಿಟ್ಟೆ" ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಬಲ್ಬು ಸುಮ್ಮನೆ ಉರೀಬಾರದಲ್ಲಮ್ಮ, ಅದಕ್ಕೆ ಕೂತ್ಕೊಂಡೆ."

ನನಗೆ ಅಳು ಬಂತು. ತೋರಿಸಿಕೊಳ್ಳದೆ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡೆ, ಇನ್ನೊಂದು ಕೈಯಲ್ಲಿ ಅವರ ಮೊಣಕೈ ಹಿಡಿದೆ. ಅವರ ಮಂಡಿಯ ಸಲುವಾಗಿ ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದೆವು. ಆರು ತಿಂಗಳು ಸಿಕ್ಕಿತು ಅಂತ ಹೇಳಿದೆ. "ಸಾಕಲ್ಲ" ಅಂದರು. ಮೇಲೆ ಬಂದ ಮೇಲೆ ಹಿಂದೆ ತಿರುಗಿ ಬಗ್ಗಿ ನೋಡಿದೆ, ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಅವರು ಸ್ವಿಚ್ಚಿನ ಕಡೆ ಕೈ ಚಾಚಿದರು. ಅಷ್ಟರಲ್ಲಿ ನನ್ನ ಕೈ ದೀಪ ಆರಿಸಿಯಾಗಿತ್ತು.